ಬಂಡೆಗೆ ಪಳೆಯುಳಿಕೆ ಸಾಕ್ಷಿ, ಪಳೆಯುಳಿಕೆಗೆ ಬಂಡೆ ಸಾಕ್ಷಿ: ಇದನ್ನು ನಂಬುವುದು ಹೇಗೆ?

ಕೌತುಕಿ
ಭೂಮಿಯ ಇತಿಹಾಸವನ್ನು ಕ್ರಮವಾಗಿ ಓದಲು ಶುರುಮಾಡಿದ್ದೇನೆ. ಕಾಲಘಟ್ಟಗಳ ಹೆಸರುಗಳನ್ನು ನೆನಪಿಟ್ಟುಕೊಳ್ಳುವುದು ಕಷ್ಟವಾಗಲಿಲ್ಲ: ಹೇಡಿಯನ್, ಆರ್ಕಿಯನ್, ಪ್ರೊಟೆರೊಜೋಯಿಕ್, ಆಮೇಲೆ ಇಂದಿನವರೆಗೂ ನಡೆದಿರುವ ಫ್ಯಾನೆರೊಜೋಯಿಕ್. ತೊಡಕು ಬಂದದ್ದು ಬೇರೆ ಕಡೆ. ಒಂದು ಅಧ್ಯಾಯ ಹೇಳುತ್ತದೆ: ಈ ಪದರದಲ್ಲಿ ಇಂಥ ಟ್ರೈಲೋಬೈಟ್ (ಅಳಿದುಹೋದ ಒಂದು ಬಗೆಯ ಕಡಲಜೀವಿ) ಇದೆ, ಆದ್ದರಿಂದ ಇದು ಕೇಂಬ್ರಿಯನ್ ಕಾಲದ ಬಂಡೆ. ಮುಂದಿನ ಅಧ್ಯಾಯ ಹೇಳುತ್ತದೆ: ಈ ಟ್ರೈಲೋಬೈಟ್ ಕೇಂಬ್ರಿಯನ್ ಬಂಡೆಯಲ್ಲಿ ಸಿಕ್ಕಿದೆ, ಆದ್ದರಿಂದ ಅದಕ್ಕೆ 50 ಕೋಟಿ ವರ್ಷ. ಇಬ್ಬರು ಒಬ್ಬರಿಗೊಬ್ಬರು ಜಾಮೀನು ನಿಂತರೆ ಮೂರನೆಯವನು ನಂಬುವುದು ಹೇಗೆ?

ಇನ್ನೊಂದು ಸಂದೇಹವೂ ಇದೆ. ಸತ್ತ ಜೀವಿಗಳಲ್ಲಿ ಬಹುಪಾಲು ಕೊಳೆತು ಹೋಗುತ್ತವೆ. ಉಳಿಯುವುದು ಎಲ್ಲೋ ಒಂದೆರಡು. ಇಷ್ಟು ಹರಕು ದಾಖಲೆ ಹಿಡಿದುಕೊಂಡು ಇತಿಹಾಸ ಬರೆಯಬಹುದೇ? ಬಲ್ಲವರು ಬಿಡಿಸಿ ಹೇಳಬೇಕು.

ಶಿಲಾಸಕ್ತ
ಒಳ್ಳೆಯ ಪ್ರಶ್ನೆ. ಇಲ್ಲಿ ಎರಡು ಬೇರೆ ಕೆಲಸಗಳಿವೆ: ಯಾವುದು ಮೊದಲು, ಯಾವುದು ಆಮೇಲೆ ಎಂದು ಕ್ರಮ ತಿಳಿಯುವುದು ಒಂದು, ಎಷ್ಟು ವರ್ಷ ಎಂದು ಎಣಿಸುವುದು ಇನ್ನೊಂದು. ಕ್ರಮ ಮೊದಲು ಸಿಕ್ಕಿತು. ಅಂಕಿ ಬಂದದ್ದು ನೂರು ವರ್ಷ ಕಳೆದ ಮೇಲೆ, ಬೇರೆ ದಾರಿಯಿಂದ.

ಕೆಸರು, ಮರಳು ನೀರಿನಡಿಯಲ್ಲಿ ಪದರಪದರವಾಗಿ ಕೂರುತ್ತವೆ, ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂದು ನಿಕೊಲಾಸ್ ಸ್ಟೆನೊ 1669ರಲ್ಲಿಯೇ ಬರೆದ. ಮುಂದೆ ಇಂಗ್ಲೆಂಡಿನಲ್ಲಿ ಕಾಲುವೆ ತೋಡಿಸುವ ಸರ್ವೇಯರ್ ವಿಲಿಯಂ ಸ್ಮಿತ್ ಒಂದು ವಿಷಯ ಗಮನಿಸಿದ. ಯಾವ ಜಾಗದಲ್ಲಿ ಅಗೆದರೂ ಚಿಪ್ಪುಗಳ ಗುಂಪುಗಳು ಅದೇ ಸರದಿಯಲ್ಲಿ ಬರುತ್ತವೆ. ಮೇಲಿನ ಗುಂಪು ಕೆಳಗೆ ಹೋಗುವುದಿಲ್ಲ, ಕೆಳಗಿನದು ಮೇಲೆ ಮರುಕಳಿಸುವುದಿಲ್ಲ. ಅದನ್ನೇ ಆಧಾರವಾಗಿಟ್ಟುಕೊಂಡು 1815ರಲ್ಲಿ ಆತ ಇಂಗ್ಲೆಂಡ್ ಮತ್ತು ವೇಲ್ಸ್‌ನ ಭೂವೈಜ್ಞಾನಿಕ ನಕ್ಷೆ ಹೊರತಂದ. ಆ ನಕ್ಷೆಯಲ್ಲಿ ವರ್ಷಗಳ ಲೆಕ್ಕವೇ ಇಲ್ಲ. ಅಂದರೆ ಟ್ರೈಲೋಬೈಟ್ ಕೆಳಗಿನ ಪದರದ್ದು ಎಂದು ಹೇಳಲು ಯಾರೂ 50 ಕೋಟಿ ಎಂಬ ಅಂಕಿಯನ್ನು ನೆಚ್ಚಿಕೊಂಡಿರಲಿಲ್ಲ.

ತರ್ಕಿ
ಶಿಲಾಸಕ್ತರೇ, ಒಂದಕ್ಕೊಂದು ಸಾಕ್ಷಿ ನಿಲ್ಲುವ ಈ ಅನ್ಯೋನ್ಯಾಶ್ರಯ ದೋಷವನ್ನು ನೀವು ಒಂದು ಮೆಟ್ಟಿಲು ಕೆಳಗೆ ತಳ್ಳಿದಿರಿ, ಅಷ್ಟೇ. ಪದರಗಳು ಮಡಚಿಕೊಳ್ಳುತ್ತವೆ, ಮಗುಚಿಕೊಳ್ಳುತ್ತವೆ. ಆಲ್ಪ್ಸ್ ಪರ್ವತಗಳಲ್ಲಿ ಹಳೆಯ ಬಂಡೆ ಹೊಸ ಬಂಡೆಯ ಮೇಲೆ ಕುಳಿತಿರುವ ಜಾಗಗಳಿವೆ. ಅಲ್ಲಿ ಪಳೆಯುಳಿಕೆ ತಲೆಕೆಳಗಾಗಿ ಕಂಡರೆ ಪದರ ಮಗುಚಿದೆ ಎನ್ನುತ್ತೀರಿ. ಪದರ ಮಗುಚಿದೆ ಎಂದು ಗೊತ್ತಾಗುವುದು ಮತ್ತೆ ಪಳೆಯುಳಿಕೆಯಿಂದಲೇ ಅಲ್ಲವೇ?

ಇನ್ನೂ ಒಂದು. ಜೀವವಿಕಾಸವನ್ನು ಮೊದಲೇ ನಂಬಿದವರು ತಮಗೆ ಬೇಕಾದಂತೆ ಸರದಿ ಜೋಡಿಸಲಿಲ್ಲ ಎನ್ನುವುದಕ್ಕೆ ಏನು ಖಾತರಿ?

ಸ್ತರಗಾಮಿ
ಅಲ್ಲ. ಪದರ ಮಗುಚಿದೆಯೇ ಎಂದು ತಿಳಿಯಲು ಪಳೆಯುಳಿಕೆಯ ಹೆಸರು ಬೇಕಿಲ್ಲ. ಒಣಗಿದ ಕೆಸರು ಬಿರಿದಾಗ ಬಿರುಕು ಮೇಲೆ ಅಗಲ, ಕೆಳಗೆ ಕಿರಿದು. ಅಲೆ ಉಜ್ಜಿದ ಮರಳಿನ ಏಣು ಚೂಪಾಗಿ ಮೇಲ್ಮುಖವಾಗಿರುತ್ತದೆ. ನೀರು ನಿಂತಾಗ ದಪ್ಪ ಕಣ ಮೊದಲು ತಳಕ್ಕೆ ಇಳಿಯುತ್ತದೆ, ಸಣ್ಣದು ಆಮೇಲೆ. ಹೆಜ್ಜೆಗುರುತು ಕೆಳಕ್ಕೆ ಒತ್ತಿಕೊಂಡಿರುತ್ತದೆಯೇ ಹೊರತು ಮೇಲಕ್ಕೆ ಉಬ್ಬಿಕೊಂಡಿರುವುದಿಲ್ಲ. ಇವೆಲ್ಲವೂ ತಲೆಕೆಳಗಾಗಿ ಕಂಡರೆ ಪದರವೇ ತಲೆಕೆಳಗಾಗಿದೆ. ಹೊರಾಂಗಣದ ಕೆಲಸಕ್ಕೆ ಹೋದ ವಿದ್ಯಾರ್ಥಿಗಳು ಮೊದಲು ಕಲಿಯುವ ಪಾಠ ಇದು.

ಬೇರುಬಿಳಲು
ತರ್ಕಿಯವರ ಎರಡನೆಯ ಮಾತಿಗೆ ಇತಿಹಾಸವೇ ಉತ್ತರ ಕೊಡುತ್ತದೆ. ಕೇಂಬ್ರಿಯನ್ ಎಂಬ ಹೆಸರು ಕೊಟ್ಟ ಆಡಂ ಸೆಜ್‌ವಿಕ್ ಒಬ್ಬ ಪಾದ್ರಿ. ಡಾರ್ವಿನ್‌ಗೆ ಭೂವಿಜ್ಞಾನ ಕಲಿಸಿದವನು. ಕೊನೆಯವರೆಗೂ ಶಿಷ್ಯನ ವಿಕಾಸವಾದವನ್ನು ಒಪ್ಪಲಿಲ್ಲ. ವಿಲಿಯಂ ಸ್ಮಿತ್‌ನ ಸೋದರಳಿಯ ಜಾನ್ ಫಿಲಿಪ್ಸ್ 1841ರ ಹೊತ್ತಿಗೆ ಪೇಲಿಯೊಜೋಯಿಕ್, ಮೆಸೊಜೋಯಿಕ್, ಸೀನೊಜೋಯಿಕ್ ಎಂಬ ಮೂರು ದೊಡ್ಡ ವಿಭಾಗಗಳನ್ನು ಮಾಡಿ ಮುಗಿಸಿದ್ದ. ಅವನೂ ವಿಕಾಸವಾದದ ವಿರೋಧಿಯೇ. ಡಾರ್ವಿನ್‌ನ ಪುಸ್ತಕ ಬಂದದ್ದು 1859ರಲ್ಲಿ. ಸರದಿಯನ್ನು ಕಟ್ಟಿದವರಿಗೆ ಅದರಿಂದ ವಿಕಾಸವನ್ನು ಸಾಧಿಸಬೇಕೆಂಬ ಹಂಬಲ ಎಳ್ಳಷ್ಟೂ ಇರಲಿಲ್ಲ.

ದಾರಿಹೋಕ
ಇಷ್ಟೆಲ್ಲ ಯಾಕೆ? ಕಾರ್ಬನ್ ಡೇಟಿಂಗ್ ಮಾಡಿದರೆ ಮುಗಿಯಿತಲ್ಲ.

ಗಣಿತದ ಮೇಷ್ಟ್ರು
ಮುಗಿಯುವುದಿಲ್ಲ. ಡೈನೋಸಾರ್ ಮೂಳೆಗೂ ಕಾರ್ಬನ್ ಡೇಟಿಂಗ್‌ಗೂ ಯಾವ ಸಂಬಂಧವೂ ಇಲ್ಲ. ಇಂಗಾಲ-14ರ ಅರ್ಧಾಯು, ಅಂದರೆ ಅರ್ಧ ಪಾಲು ಕ್ಷಯಿಸಲು ಬೇಕಾದ ಕಾಲ, 5,730 ವರ್ಷ. ಸುಮಾರು 50,000 ವರ್ಷ ದಾಟಿದರೆ ಅಳೆಯಲು ಅದು ಬಹುತೇಕ ಉಳಿದೇ ಇರುವುದಿಲ್ಲ. ಕೋಟಿ ವರ್ಷಗಳ ಲೆಕ್ಕಕ್ಕೆ ನಿಧಾನವಾಗಿ ಕ್ಷಯಿಸುವ ಧಾತು ಬೇಕು. ಯುರೇನಿಯಂ-238ರ ಅರ್ಧಾಯು 447 ಕೋಟಿ ವರ್ಷ, ಯುರೇನಿಯಂ-235ರದ್ದು 70.4 ಕೋಟಿ, ಪೊಟ್ಯಾಸಿಯಂ-40ರದ್ದು ಸುಮಾರು 125 ಕೋಟಿ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಜಿರ್ಕಾನ್. ಶಿಲಾಪಾಕ, ಅಂದರೆ ಕರಗಿದ ಬಂಡೆ, ತಣಿಯುವಾಗ ಹುಟ್ಟುವ ಚಿಕ್ಕ ಹರಳು ಅದು. ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುತೇಕ ಹೊರಗಿಡುತ್ತದೆ. ಆದ್ದರಿಂದ ಈಗ ಒಳಗೆ ಕಾಣುವ ಸೀಸ ಹೆಚ್ಚುಕಡಿಮೆ ಪೂರ್ತಿ ಯುರೇನಿಯಂ ಕ್ಷಯಿಸಿ ಬಂದದ್ದು. ಅಷ್ಟೇ ಅಲ್ಲ, ಎರಡು ಯುರೇನಿಯಂಗಳು ಎರಡು ಬೇರೆ ವೇಗದಲ್ಲಿ ಕ್ಷಯಿಸಿ ಎರಡು ಬೇರೆ ಸೀಸಗಳಾಗುತ್ತವೆ. ಎರಡರಿಂದಲೂ ಬಂದ ವಯಸ್ಸು ಒಂದೇ ಆಗಿದ್ದರೆ ಹರಳು ಕೆಟ್ಟಿಲ್ಲ. ನಡುವೆ ಸೀಸ ಸೋರಿಹೋಗಿದ್ದರೆ ಎರಡು ಲೆಕ್ಕಗಳು ಹೊಂದುವುದಿಲ್ಲ, ಸೋರಿದ್ದು ಅಲ್ಲಿಯೇ ಬಯಲಾಗುತ್ತದೆ.

ಕೌತುಕಿ
ಮೇಷ್ಟ್ರೇ, ಜಿರ್ಕಾನ್ ಶಿಲಾಪಾಕದಲ್ಲಿ ಹುಟ್ಟುತ್ತದೆ, ಪಳೆಯುಳಿಕೆ ಇರುವುದು ಸುಣ್ಣಕಲ್ಲು, ಜೇಡಿಕಲ್ಲುಗಳಲ್ಲಿ. ಎರಡೂ ಭೇಟಿಯಾಗುವುದು ಎಲ್ಲಿ?

ಗಣಿತದ ಮೇಷ್ಟ್ರು
ಜ್ವಾಲಾಮುಖಿಯ ಬೂದಿಯಲ್ಲಿ. ಆಸ್ಫೋಟವಾದಾಗ ಬೂದಿ ಹಾರಿ ಬಂದು ಸಮುದ್ರದ ತಳದಲ್ಲಿ ತೆಳುವಾದ ಪದರವಾಗಿ ಕೂರುತ್ತದೆ. ಅದರೊಳಗೆ ಜಿರ್ಕಾನ್ ಇರುತ್ತದೆ. ಪಳೆಯುಳಿಕೆಯ ಪದರದ ಕೆಳಗೊಂದು ಬೂದಿ, ಮೇಲೊಂದು ಬೂದಿ ಸಿಕ್ಕಿದರೆ ಜೀವಿಯ ಕಾಲ ಆ ಎರಡರ ನಡುವೆ. ಪರ್ಮಿಯನ್ ಅವಧಿಯ ಕೊನೆಯ ಮಹಾ ಅಳಿವಿಗೆ 25.19 ಕೋಟಿ ವರ್ಷ ಎಂಬ ಅಷ್ಟು ನಿಖರವಾದ ಅಂಕಿ ಬಂದದ್ದು ಚೀನಾದ ಮೇಯ್‌ಶಾನ್ ಎಂಬಲ್ಲಿನ ಇಂಥ ಬೂದಿ ಪದರಗಳಿಂದಲೇ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರವೂ ಇದೇ. ಅಂಕಿಯನ್ನು ಟ್ರೈಲೋಬೈಟ್ ಕೊಡುವುದಿಲ್ಲ, ಪರಮಾಣು ಕೊಡುತ್ತದೆ. ಹಾಗೆ ಒಂದು ಕಡೆ ಅಂಕಿ ಸಿಕ್ಕಿದ ಮೇಲೆ, ಬೂದಿಯೇ ಇಲ್ಲದ ಇನ್ನೊಂದು ಜಾಗದಲ್ಲಿ ಅದೇ ಟ್ರೈಲೋಬೈಟ್ ಕಂಡರೆ ಆ ಬಂಡೆಯ ಕಾಲವನ್ನು ಧೈರ್ಯವಾಗಿ ಹೇಳಬಹುದು.

ಕಡಲಹಕ್ಕಿ
ಪರಮಾಣುಗಳಿಗೆ ಏನೇನೂ ಸಂಬಂಧವಿಲ್ಲದ ಒಂದು ಸಾಕ್ಷಿಯೂ ಇದೆ, ಹೇಳದೆ ಇರಲಾರೆ. ಹವಳ ತನ್ನ ಸುಣ್ಣದ ಗೋಡೆಯನ್ನು ದಿನಕ್ಕೊಂದು ತೆಳು ಗೆರೆಯಂತೆ ಬೆಳೆಸುತ್ತದೆ, ವರ್ಷಕ್ಕೊಂದು ದಪ್ಪ ಪಟ್ಟಿಯೂ ಮೂಡುತ್ತದೆ. ಜಾನ್ ವೆಲ್ಸ್ 1963ರಲ್ಲಿ ಡಿವೋನಿಯನ್ ಕಾಲದ ಹವಳಗಳಲ್ಲಿ ಈ ಗೆರೆಗಳನ್ನು ಎಣಿಸಿದ. ಒಂದು ವರ್ಷದ ಪಟ್ಟಿಯೊಳಗೆ ಸುಮಾರು 400 ದಿನದ ಗೆರೆಗಳಿದ್ದವು. ಆಗ ವರ್ಷಕ್ಕೆ 400 ದಿನ, ದಿನಕ್ಕೆ ಸುಮಾರು 22 ಗಂಟೆ! ಚಂದ್ರನ ಸೆಳೆತದಿಂದ ಏಳುವ ಉಬ್ಬರವಿಳಿತ ಭೂಮಿಯ ತಿರುಗಾಟವನ್ನು ನಿಧಾನಗೊಳಿಸುತ್ತಿದೆ ಎಂದು ಖಗೋಳಜ್ಞರು ಮೊದಲೇ ಲೆಕ್ಕ ಹಾಕಿದ್ದರು. ಡಿವೋನಿಯನ್‌ಗೆ ಪರಮಾಣು ಗಡಿಯಾರ ಕೊಟ್ಟ ಸುಮಾರು 40 ಕೋಟಿ ವರ್ಷಕ್ಕೆ ಆ ಲೆಕ್ಕ ಚೆನ್ನಾಗಿಯೇ ಹೊಂದಿತು. ಹವಳ, ಚಂದ್ರ, ಯುರೇನಿಯಂ: ಈ ಮೂರೂ ಸೇರಿ ಸಂಚು ಮಾಡಲು ಸಾಧ್ಯವೇ ತರ್ಕಿಯವರೇ?

ತರ್ಕಿ
ಹವಳದ ಸಾಕ್ಷಿ ಬಲವಾಗಿದೆ, ಒಪ್ಪುತ್ತೇನೆ. ಆದರೆ ಕೌತುಕಿಯವರ ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ದಾಖಲೆ ಹರಕು. ಎಲ್ಲಿ ಬೇಕೋ ಅಲ್ಲಿ ಕೊಂಡಿ ಇಲ್ಲ ಎಂದಾಗ "ದಾಖಲೆ ಅಪೂರ್ಣ" ಎನ್ನುವುದು, ಸಿಕ್ಕಾಗ "ನೋಡಿ ಸಿಕ್ಕಿತು" ಎನ್ನುವುದು. ಎರಡು ಕಡೆಯೂ ಗೆಲ್ಲುವ ವಾದವನ್ನು ನಾನು ನಂಬುವುದಿಲ್ಲ.

ಬೇರುಬಿಳಲು
ಹಾಗಾದರೆ ಸೋಲಬಹುದಾಗಿದ್ದ ಒಂದು ಪ್ರಸಂಗ ಹೇಳುತ್ತೇನೆ.

ಸುಮಾರು 38 ಕೋಟಿ ವರ್ಷ ಹಿಂದಿನ ಬಂಡೆಗಳಲ್ಲಿ ತಿರುಳುಳ್ಳ ರೆಕ್ಕೆಯ ಮೀನುಗಳು ಸಿಕ್ಕಿದ್ದವು. ಸುಮಾರು 36.5 ಕೋಟಿ ವರ್ಷದ ಬಂಡೆಗಳಲ್ಲಿ ಬೆರಳುಳ್ಳ ಕಾಲಿನ ಪ್ರಾಣಿಗಳಾದ ಅಕಾಂತೊಸ್ಟೆಗಾ, ಇಕ್ತಿಯೊಸ್ಟೆಗಾ ಸಿಕ್ಕಿದ್ದವು. ನಡುವೆ ಖಾಲಿ. ನೀಲ್ ಶೂಬಿನ್, ಟೆಡ್ ಡೇಶ್ಲರ್ ಮತ್ತು ಸಂಗಡಿಗರು ನಕ್ಷೆ ಹರವಿಕೊಂಡು ಹುಡುಕಿದ್ದು ಇಷ್ಟು: ವಯಸ್ಸು ಆ ನಡುವಿನದಾಗಿರಬೇಕು, ಬಂಡೆ ಹೊಳೆಯ ಹೂಳಿನಿಂದ ಆದದ್ದಾಗಿರಬೇಕು, ಮೇಲೆ ಮಣ್ಣು ಮರ ಮುಚ್ಚದೆ ಬಯಲಾಗಿರಬೇಕು. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪ ಈ ಮೂರಕ್ಕೂ ಹೊಂದಿತು. ಹಲವು ಬೇಸಿಗೆಗಳ ಹುಡುಕಾಟದ ನಂತರ 2004ರಲ್ಲಿ ಟಿಕ್ಟಾಲಿಕ್ ಸಿಕ್ಕಿತು. ವಯಸ್ಸು ಸುಮಾರು 37.5 ಕೋಟಿ ವರ್ಷ. ಮೀನಿನ ಹುರುಪೆ, ಮೀನಿನ ರೆಕ್ಕೆ, ಆದರೆ ಆ ರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆಗಳು. ಮೊಸಳೆಯಂತೆ ಚಪ್ಪಟೆ ತಲೆ, ಮೀನಿಗೆ ಇಲ್ಲದ ಕುತ್ತಿಗೆ. ಕಾಲಮಾನ ಸುಳ್ಳಾಗಿದ್ದರೆ ಅಲ್ಲಿ ಇಂಥದ್ದು ಸಿಗಬೇಕಾದ ಕಾರಣವೇ ಇರಲಿಲ್ಲ.

ನಿಧಾನಿ
ಈ ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಪೋಲೆಂಡಿನ ಝಾಹೆಲ್ಮಿಯೆ ಗಣಿಯ ಹೆಜ್ಜೆಗುರುತುಗಳು 2010ರಲ್ಲಿ ಪ್ರಕಟವಾದವು. ವಯಸ್ಸು ಸುಮಾರು 39 ಕೋಟಿ ವರ್ಷ. ಟಿಕ್ಟಾಲಿಕ್‌ಗಿಂತ ಒಂದು ಕೋಟಿ ವರ್ಷಕ್ಕೂ ಹಳೆಯವು. ನಾಲ್ಕು ಕಾಲಿನವು ಆಗಲೇ ಓಡಾಡುತ್ತಿದ್ದರೆ ಟಿಕ್ಟಾಲಿಕ್ ಯಾರ ಪೂರ್ವಜ?

ಬೇರುಬಿಳಲು
ಯಾರ ನೇರ ಪೂರ್ವಜವೂ ಅಲ್ಲ, ಅದನ್ನು ಹಾಗೆ ಕರೆಯಬಾರದು. ಮೀನಿನಿಂದ ನಾಲ್ಕು ಕಾಲಿನ ಪ್ರಾಣಿಯ ಕಡೆಗೆ ದೇಹ ಯಾವ ಹಂತಗಳನ್ನು ದಾಟಿತು ಎಂಬುದನ್ನು ಅದು ತೋರಿಸುತ್ತದೆ. ಆ ಹಂತದ ದೇಹವುಳ್ಳ ವಂಶ, ಮುಂದಿನ ಹಂತಕ್ಕೆ ಹೋದ ದಾಯಾದಿಗಳ ಜೊತೆಯಲ್ಲೇ ಬಹುಕಾಲ ಬದುಕಿರಬಹುದು. ಝಾಹೆಲ್ಮಿಯೆ ಗುರುತುಗಳು ನಿಜಕ್ಕೂ ಕಾಲಿನವೇ ಅಥವಾ ಮೀನು ತಳ ಕೆದಕಿದ ಗುಳಿಗಳೇ ಎಂಬ ವಾದವೂ ತಜ್ಞರ ನಡುವೆ ಇದೆ. ಕಾಲಿನವೇ ಆದರೆ ಆ ಬದಲಾವಣೆ ನಾವು ಎಣಿಸಿದ್ದಕ್ಕಿಂತ ಮೊದಲೇ ಶುರುವಾಯಿತು ಎಂದಾಗುತ್ತದೆ. ಅಷ್ಟಕ್ಕೆ ಸಿದ್ಧನಿದ್ದೇನೆ.

ಹೊಸಬಳು
ನಡುವೆ ಬಾಯಿ ಹಾಕುತ್ತಿದ್ದೇನೆ. ಯಾವ ಜೀವಿ ಪಳೆಯುಳಿಕೆಯಾಗುತ್ತದೆ, ಯಾವುದು ಆಗುವುದಿಲ್ಲ ಎಂದು ಮೊದಲೇ ಊಹಿಸಬಹುದೇ?

ಸ್ತರಗಾಮಿ
ಬಹುಮಟ್ಟಿಗೆ ಊಹಿಸಬಹುದು. ಗಟ್ಟಿ ಭಾಗ ಬೇಕು: ಚಿಪ್ಪು, ಹಲ್ಲು, ಮೂಳೆ, ಮರದ ಕಾಂಡ. ಬೇಗ ಹೂಳಬೇಕು. ಹೂತ ಜಾಗದಲ್ಲಿ ಆಮ್ಲಜನಕ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ಅಂತರ್ಜಲದಲ್ಲಿ ಕರಗಿದ ಸಿಲಿಕಾ ಅಥವಾ ಸುಣ್ಣ ರಂಧ್ರಗಳೊಳಗೆ ತುಂಬಿಕೊಂಡರೆ ಕಲ್ಲಾಗುತ್ತದೆ. ಕೆಲವೊಮ್ಮೆ ಚಿಪ್ಪು ಕರಗಿಹೋಗಿ ಅಚ್ಚು ಮಾತ್ರ ಉಳಿಯುತ್ತದೆ. ಎಲೆಗಳು ಇಂಗಾಲದ ಕಪ್ಪು ಪೊರೆಯಾಗಿ ಉಳಿಯುತ್ತವೆ.

ಆದ್ದರಿಂದ ಆಳವಿಲ್ಲದ ಸಮುದ್ರದ ಚಿಪ್ಪುಜೀವಿಗಳ ದಾಖಲೆ ಬಹಳ ಚೆನ್ನಾಗಿದೆ. ಬೆಟ್ಟದ ಮೇಲಿನ ಕಾಡಿನ ಹಕ್ಕಿಯದು ಬಹಳ ಬಡವಾಗಿದೆ, ಏಕೆಂದರೆ ಬೆಟ್ಟ ಸವೆಯುತ್ತದೆ, ಹೂಳು ಕೂರುವುದು ತಗ್ಗಿನಲ್ಲಿ. ಮೃದು ದೇಹ ಉಳಿಯುವುದು ಅಪರೂಪ. ಕೆನಡಾದ ಬರ್ಜೆಸ್ ಶೇಲ್‌ನಲ್ಲಿ ಚಾರ್ಲ್ಸ್ ವಾಲ್ಕಾಟ್ 1909ರಲ್ಲಿ, ಚೀನಾದ ಚೆಂಗ್‌ಜಿಯಾಂಗ್‌ನಲ್ಲಿ ಹೌ ಶಿಯೆನ್‌ಗ್ವಾಂಗ್ 1984ರಲ್ಲಿ ಕಂಡದ್ದು ಅಂಥ ಅಪರೂಪಗಳು. ತರ್ಕಿಯವರೇ, ಅಪೂರ್ಣತೆಗೂ ಒಂದು ನಿಯಮವಿದೆ. ಎಲ್ಲಿ ಖಾಲಿ ಇರಬೇಕು, ಎಲ್ಲಿ ಇರಬಾರದು ಎಂದು ಮೊದಲೇ ಹೇಳಬಹುದು. ಚಿಪ್ಪಿನ ದಾಖಲೆಯಲ್ಲಿ ದೊಡ್ಡ ಖಾಲಿ ಬಂದರೆ ನಾವು ಸಮಾಧಾನಪಟ್ಟುಕೊಂಡು ಕೂರುವುದಿಲ್ಲ, ಕಾರಣ ಹುಡುಕುತ್ತೇವೆ.

ಕಡಲಹಕ್ಕಿ
ಸೀಲಕ್ಯಾಂತ್ ಮೀನು ಇದಕ್ಕೆ ಒಳ್ಳೆಯ ಉದಾಹರಣೆ. ಡೈನೋಸಾರ್‌ಗಳ ಕಾಲದ ನಂತರ ಅದರ ಪಳೆಯುಳಿಕೆ ಕಾಣದೆ ಅಳಿದುಹೋಯಿತೆಂದೇ ತಿಳಿದಿದ್ದರು. 1938ರಲ್ಲಿ ದಕ್ಷಿಣ ಆಫ್ರಿಕಾದ ಕಡಲಲ್ಲಿ ಹಸಿಹಸಿಯಾಗಿ ಬಲೆಗೆ ಬಿತ್ತು. ಈಗಿನ ಸೀಲಕ್ಯಾಂತ್‌ಗಳು ಬದುಕುವುದು ಆಳದ ಕಡಿದಾದ ಬಂಡೆಗಳ ಬಳಿ. ಅಂಥಲ್ಲಿ ಪಳೆಯುಳಿಕೆಯಾಗುವುದೂ ಕಷ್ಟ, ಆದದ್ದು ನಮ್ಮ ಕಣ್ಣಿಗೆ ಬೀಳುವುದೂ ಕಷ್ಟ.

ದಾರಿಹೋಕ
ಡೈನೋಸಾರ್ ಮಾತು ಬಂತಲ್ಲ, ಕೇಳಿಬಿಡುತ್ತೇನೆ. ಕೊಂದದ್ದು ಕ್ಷುದ್ರಗ್ರಹವೇ, ದಖ್ಖನ್ನಿನ ಲಾವಾವೇ?

ಶಿಲಾಸಕ್ತ
ಕ್ಷುದ್ರಗ್ರಹ. 1980ರಲ್ಲಿ ಆಲ್ವಾರೆಜ್ ತಂದೆ-ಮಗ ಮತ್ತು ಸಹೋದ್ಯೋಗಿಗಳು ಇಟಲಿಯ ಗುಬ್ಬಿಯೊದಲ್ಲಿ, ಡೈನೋಸಾರ್‌ಗಳ ಕಾಲ ಮುಗಿಯುವ ಗಡಿಯ ತೆಳು ಜೇಡಿಪದರದಲ್ಲಿ, ಇರಿಡಿಯಂ ಎಂಬ ಲೋಹ ವಿಪರೀತವಾಗಿರುವುದನ್ನು ತೋರಿಸಿದರು. ಭೂಮಿಯ ಹೊರಪದರದಲ್ಲಿ ಅದು ತೀರ ಕಡಿಮೆ, ಉಲ್ಕಾಶಿಲೆಗಳಲ್ಲಿ ಹೆಚ್ಚು. ಮುಂದೆ ಮೆಕ್ಸಿಕೊದ ಯುಕಟಾನ್‌ನಲ್ಲಿ ಸುಮಾರು 180 ಕಿಲೋಮೀಟರ್ ಅಗಲದ ಚಿಕ್ಸುಲುಬ್ ಕುಳಿ ಗುರುತಾಯಿತು. 6.6 ಕೋಟಿ ವರ್ಷ ಹಿಂದಿನ ಅದೇ ಗಡಿ. ಇನ್ನೇನು ಬೇಕು?

ನಿಧಾನಿ
ಇನ್ನೂ ಬೇಕು. ದಖ್ಖನ್ನಿನ ಲಾವಾ ಹರಿಯಲು ಶುರುವಾದದ್ದು ಡಿಕ್ಕಿಗೆ ಮೊದಲೇ, ಮುಂದುವರಿದದ್ದು ಆಮೇಲೂ. ಪರ್ಮಿಯನ್ ಕೊನೆಯ ಅಳಿವು, ಎಲ್ಲಕ್ಕಿಂತ ಘೋರವಾದದ್ದು, ಸೈಬೀರಿಯದ ಲಾವಾ ಪ್ರವಾಹಗಳ ಕಾಲದ್ದು. ಟ್ರಯಾಸಿಕ್ ಕೊನೆಯದು ಅಟ್ಲಾಂಟಿಕ್ ಬಿರಿಯುವಾಗಿನ ಲಾವಾ ಪ್ರವಾಹಗಳ ಕಾಲದ್ದು. ಅಲ್ಲೆಲ್ಲ ಲಾವಾ ಅಪರಾಧಿ, ಇಲ್ಲಿ ಮಾತ್ರ ನಿರಪರಾಧಿಯೇ? ಡೈನೋಸಾರ್‌ಗಳ ಪಳೆಯುಳಿಕೆ ಗಡಿಯ ಹತ್ತಿರ ಬರುತ್ತ ವಿರಳವಾಗುತ್ತದೆ ಎಂದು ಬರೆದವರೂ ಇದ್ದಾರೆ.

ಶಿಲಾಸಕ್ತ
ವಿರಳವಾದಂತೆ ಕಾಣುವುದೇ ಹರಕು ದಾಖಲೆಯ ಪರಿಣಾಮ. ಫಿಲಿಪ್ ಸಿಗ್ನರ್ ಮತ್ತು ಜೆರೆ ಲಿಪ್ಸ್ 1982ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಅಪರೂಪದ ಪ್ರಾಣಿಯ ಕೊನೆಯ ಪಳೆಯುಳಿಕೆ ಅದರ ನಿಜವಾದ ಕೊನೆಗಿಂತ ಕೆಳಗೇ ಸಿಗುತ್ತದೆ. ಹಾಗಾಗಿ ಒಂದೇ ದಿನ ಎಲ್ಲವೂ ಸತ್ತರೂ ಪದರಗಳಲ್ಲಿ ಒಂದೊಂದಾಗಿ ಮರೆಯಾದಂತೆ ಕಾಣುತ್ತದೆ. ಹೇರಳವಾಗಿ ಸಿಗುವ ಜೀವಿಯನ್ನು ನೋಡಿ: ಸಮುದ್ರದಲ್ಲಿ ತೇಲುವ, ಚಿಪ್ಪುಳ್ಳ ಏಕಕೋಶ ಜೀವಿಗಳಾದ ಫೊರಾಮಿನಿಫೆರಾಗಳು ಗಡಿಯವರೆಗೆ ಗಿಜಿಗುಡುತ್ತವೆ, ಗಡಿಯಲ್ಲಿ ಬಹುತೇಕ ಜಾತಿಗಳು ತಟ್ಟನೆ ಕಾಣೆಯಾಗುತ್ತವೆ. ಲಾವಾ ಆ ಕಾಲದ ಹವಾಮಾನವನ್ನು ಕೆಡಿಸಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೊಂದ ಏಟು ಮಾತ್ರ ಡಿಕ್ಕಿಯದು.

ನಿಧಾನಿ
ಏಟು ಡಿಕ್ಕಿಯದಿರಬಹುದು. ಚೇತರಿಕೆ ಅಷ್ಟು ತಡವಾದದ್ದಕ್ಕೆ ಲಾವಾದ ಪಾಲಿಲ್ಲ ಎನ್ನಲು ನಾನು ಒಪ್ಪಲಾರೆ.

ಸೂಕ್ಷ್ಮದರ್ಶಿ
ಎಲ್ಲರೂ ಕೇಂಬ್ರಿಯನ್‌ನಿಂದ ಈಚೆಗೇ ಸುತ್ತುತ್ತಿದ್ದೀರಿ, ನನಗೆ ಬೇಸರವಾಗುತ್ತಿದೆ. ಭೂಮಿಗೆ 454 ಕೋಟಿ ವರ್ಷ. ಕೇಂಬ್ರಿಯನ್ ಶುರುವಾದದ್ದು ಸುಮಾರು 53.9 ಕೋಟಿ ವರ್ಷ ಹಿಂದೆ. ಅಂದರೆ ಇತಿಹಾಸದ ನೂರಕ್ಕೆ ಸುಮಾರು 88 ಪಾಲು ಅದಕ್ಕೂ ಮೊದಲೇ ಕಳೆದಿತ್ತು! ಪಠ್ಯಗಳಲ್ಲಿ ಆ ಅವಧಿಗೆ ಅರ್ಧ ಪುಟ.

ಆ ಅರ್ಧ ಪುಟದಲ್ಲಿ ಏನೇನು ಅಡಗಿದೆ ನೋಡಿ. ಆಸ್ಟ್ರೇಲಿಯದ ಪಿಲ್ಬರಾದಲ್ಲಿ ಸುಮಾರು 348 ಕೋಟಿ ವರ್ಷದ ಸ್ಟ್ರೊಮಾಟೊಲೈಟ್‌ಗಳು, ಸೂಕ್ಷ್ಮಜೀವಿಗಳ ಹಾಸು ಪದರಪದರವಾಗಿ ಕಟ್ಟಿದ ದಿಬ್ಬಗಳು. ಸುಮಾರು 240 ಕೋಟಿ ವರ್ಷ ಹಿಂದೆ ಗಾಳಿಯಲ್ಲಿ ಆಮ್ಲಜನಕ ನಿಲ್ಲತೊಡಗಿತು. ಅದನ್ನು ಉತ್ಪತ್ತಿ ಮಾಡಿದ್ದು ಬಿಸಿಲಿನಿಂದ ಆಹಾರ ತಯಾರಿಸುವ ಸೂಕ್ಷ್ಮಜೀವಿಗಳಾದ ಸಯನೋಬ್ಯಾಕ್ಟೀರಿಯಾಗಳು. ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು ಪಟ್ಟೆಪಟ್ಟೆಯ ಅದಿರಾಯಿತು. ಇಂದು ನಾವು ಕರಗಿಸುವ ಕಬ್ಬಿಣದ ಬಹುಪಾಲು ಅಲ್ಲಿಂದ ಬಂದದ್ದು. ಆಮೇಲೆ 72 ಕೋಟಿಯಿಂದ 63.5 ಕೋಟಿ ವರ್ಷಗಳ ನಡುವೆ ಎರಡು ಸಲ ಹಿಮ ಸಮಭಾಜಕದ ಬಳಿಗೂ ಬಂತು. ಅದಾದ ಮೇಲೆ ಎಡಿಯಕಾರ ಜೀವಿಗಳು, ಹೆಚ್ಚಿನವಕ್ಕೆ ಬಾಯಿಯೂ ಕಾಣದು, ಕಾಲೂ ಕಾಣದು.

"ಕೇಂಬ್ರಿಯನ್ ಸ್ಫೋಟ" ಎಂದಾಗ ಒಂದು ಬೆಳಗ್ಗೆ ಎಲ್ಲವೂ ಹುಟ್ಟಿದಂತೆ ಕೇಳಿಸುತ್ತದೆ. ಆ ಅವಧಿಯ ಆರಂಭವನ್ನು ಗುರುತಿಸುವುದು ಒಂದು ಪ್ರಾಣಿ ಕೊರೆದ ಬಿಲದ ಗುರುತಿನಿಂದ. ಟ್ರೈಲೋಬೈಟ್ ಕಾಣಿಸುವುದು ಅದಾಗಿ ಸುಮಾರು 1.8 ಕೋಟಿ ವರ್ಷಕ್ಕೆ.

ಕೌತುಕಿ
ಸೂಕ್ಷ್ಮದರ್ಶಿಯವರೇ, 454 ಕೋಟಿ ಎಂಬ ಅಂಕಿ ಯಾವ ಬಂಡೆಯದು?

ಸೂಕ್ಷ್ಮದರ್ಶಿ
ಭೂಮಿಯ ಯಾವ ಬಂಡೆಯದೂ ಅಲ್ಲ. ಅಷ್ಟು ಹಳೆಯ ಬಂಡೆ ಇಲ್ಲಿ ಉಳಿದಿಲ್ಲ. ಆಸ್ಟ್ರೇಲಿಯದ ಜಾಕ್ ಹಿಲ್ಸ್‌ನ ಜಿರ್ಕಾನ್ ಹರಳಿಗೆ ಸುಮಾರು 440 ಕೋಟಿ, ಅಷ್ಟೇ. ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಉಲ್ಕಾಶಿಲೆಗಳಲ್ಲಿನ ಸೀಸವನ್ನು ಅಳೆದು 455 ಕೋಟಿ ಎಂದ. ಸೌರಮಂಡಲ ರೂಪುಗೊಂಡಾಗ ಉಲ್ಕೆಗಳೂ ಭೂಮಿಯೂ ಒಂದೇ ಸಾಮಗ್ರಿಯಿಂದ ಆದವು ಎಂಬುದು ಆಧಾರ.

ಗಣಿತದ ಮೇಷ್ಟ್ರು
ವಿಷಯಾಂತರವಾದರೂ ಹೇಳುತ್ತೇನೆ. ಆ ಅಳತೆ ಮಾಡುವಾಗ ಪ್ಯಾಟರ್ಸನ್‌ಗೆ ಎಲ್ಲಿ ನೋಡಿದರೂ ಹೊರಗಿನ ಸೀಸ ಅಡ್ಡ ಬರುತ್ತಿತ್ತು. ಅದರ ಮೂಲ ಹುಡುಕುತ್ತ ಹೋದವನು ಸೀಸ ಬೆರೆಸಿದ ಪೆಟ್ರೋಲಿನ ವಿರುದ್ಧ ವರ್ಷಗಟ್ಟಲೆ ಹೋರಾಡಿದ. ಕಲ್ಲಿನ ವಯಸ್ಸು ಅಳೆಯಲು ಹೊರಟವನಿಂದ ನಾವು ಉಸಿರಾಡುವ ಗಾಳಿ ಶುದ್ಧವಾಯಿತು. ಇದನ್ನು ಮಕ್ಕಳಿಗೆ ಕಲಿಸಲೇಬೇಕು.

ಹೊಸಬಳು
ಈಗ ನಾವಿರುವುದು ಮನುಷ್ಯನ ಪ್ರಭಾವದ ಯುಗ ಎನ್ನುವ ಆಂತ್ರೊಪೊಸೀನ್‌ನಲ್ಲಿಯೇ?

ಸ್ತರಗಾಮಿ
ಅಧಿಕೃತವಾಗಿ ಅಲ್ಲ. ಆ ಪ್ರಸ್ತಾವವನ್ನು ಅಂತರರಾಷ್ಟ್ರೀಯ ಭೂವಿಜ್ಞಾನ ಸಂಸ್ಥೆ 2024ರಲ್ಲಿ ತಿರಸ್ಕರಿಸಿತು. ಈಗಿನದು ಹೊಲೊಸೀನ್. ಅದರ ಕೊನೆಯ ಭಾಗ, ಸುಮಾರು 4,200 ವರ್ಷಗಳಿಂದ ಈಚೆಗಿನದು, ಮೇಘಾಲಯನ್. ಮೇಘಾಲಯದ ಮಾವ್ಮ್ಲುಹ್ ಗುಹೆಯ ಸುಣ್ಣದ ಕಂಬವನ್ನು ಪ್ರಮಾಣವಾಗಿಟ್ಟುಕೊಂಡು 2018ರಲ್ಲಿ ಆ ಹೆಸರನ್ನು ಅಂಗೀಕರಿಸಿದರು.

ತರ್ಕಿ
ಕೊನೆಯದಾಗಿ ಒಂದು ಕೇಳುತ್ತೇನೆ. ಏನು ಸಿಕ್ಕಿದರೆ ನೀವೆಲ್ಲ ಈ ಕಾಲಮಾನವನ್ನು ಕೈಬಿಡುತ್ತೀರಿ? ಹುಡುಕಿದ ಮೇಲೆ ಪ್ರತಿ ಸಲವೂ "ಸ್ವಲ್ಪ ಹಿಂದಕ್ಕೆ ಸರಿಯಿತು" ಎನ್ನುತ್ತ ಹೋದರೆ ಆ ಕಾಲಮಾನಕ್ಕೆ ಸೋಲೇ ಇಲ್ಲ.

ಬೇರುಬಿಳಲು
ಕದಡದ ಕೇಂಬ್ರಿಯನ್ ಪದರದಲ್ಲಿ ಸಸ್ತನಿಯ ಒಂದು ದವಡೆ ಹಲ್ಲು ತೋರಿಸಿ, ಸಾಕು. ಹಲ್ಲು ಚೆನ್ನಾಗಿ ಉಳಿಯುವ ವಸ್ತು, ಆದ್ದರಿಂದ ದಾಖಲೆ ಹರಕು ಎಂದು ನಾನು ನುಣುಚಿಕೊಳ್ಳಲು ಆಗುವುದಿಲ್ಲ. ಎರಡು ಶತಮಾನಗಳಿಂದ ಗಣಿ, ಕಾಲುವೆ, ತೈಲಬಾವಿ ಎಂದು ಲೋಕವೆಲ್ಲ ಅಗೆದಿದ್ದಾರೆ. ತೈಲ ಹುಡುಕುವವರಿಗೆ ಸಿದ್ಧಾಂತದ ಹಂಗಿಲ್ಲ, ಕೊರೆದ ಬಂಡೆಯ ಕಾಲ ತಿಳಿಯಲು ಅವರು ನೋಡುವುದು ಫೊರಾಮಿನಿಫೆರಾಗಳನ್ನು. ಫೊರಾಮಿನಿಫೆರಾಗಳ ಸರದಿ ತಪ್ಪಾಗಿದ್ದರೆ ಅವರ ಬಾವಿಗಳು ಬರಡಾಗುತ್ತಿದ್ದವು. ಅವರು ಇಂದಿಗೂ ಅದನ್ನೇ ನೆಚ್ಚಿಕೊಂಡಿದ್ದಾರೆ.

ಹಿಂದಕ್ಕೆ ಸರಿಯುವುದಕ್ಕೂ ಒಂದು ಮಿತಿ ಇದೆ. ಡೈನೋಸಾರ್‌ಗಳ ಕಾಲದಲ್ಲಿ ಹುಲ್ಲು ಇರಲಿಲ್ಲ ಎಂದು ಹಿಂದೆ ಹೇಳುತ್ತಿದ್ದರು. ಮಧ್ಯ ಭಾರತದಲ್ಲಿ ಸಿಕ್ಕಿದ, ಕಲ್ಲಾದ ಸಗಣಿಯೊಳಗೆ ಹುಲ್ಲಿನ ಸೂಕ್ಷ್ಮ ಸಿಲಿಕಾ ಕಣಗಳಿರುವುದು 2005ರಲ್ಲಿ ಪ್ರಕಟವಾಯಿತು. ಅದು ಭಾರೀ ಗಾತ್ರದ ಸಸ್ಯಾಹಾರಿ ಡೈನೋಸಾರ್‌ಗಳಾದ ಟೈಟನೊಸಾರ್‌ಗಳದ್ದೆಂದು ತಿಳಿದಿದ್ದಾರೆ. ಹುಲ್ಲಿನ ಇತಿಹಾಸ 6.6 ಕೋಟಿ ವರ್ಷದ ಗಡಿ ದಾಟಿ ಹಿಂದಕ್ಕೆ ಹೋಯಿತು. ಆದರೂ ಹೂಬಿಡುವ ಸಸ್ಯಗಳು ಹುಟ್ಟಿದ ಮೇಲೆಯೇ ನಿಂತಿತು, ಅದಕ್ಕೂ ಹಿಂದೆ ಹಾರಲಿಲ್ಲ. ಹಾರಿದ್ದರೆ ನಾನೇ ನಿಮ್ಮ ಪಕ್ಷಕ್ಕೆ ಬರುತ್ತಿದ್ದೆ.

ದಾರಿಹೋಕ
ಅಷ್ಟು ದೊಡ್ಡ ಪ್ರಾಣಿ ಹುಲ್ಲು ತಿಂದೇ ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತೇ?

ಬೇರುಬಿಳಲು
ಇಲ್ಲ. ಅದೇ ಸಗಣಿಯಲ್ಲಿ ತಾಳೆಯ ಜಾತಿಯವು, ಶಂಕುಧಾರಿ ಮರಗಳವು, ಇನ್ನೂ ಹಲವು ಗಿಡಗಳ ಕಣಗಳಿದ್ದವು. ಸಿಕ್ಕ ಹಸಿರನ್ನೆಲ್ಲ ಮೇಯುತ್ತಿದ್ದವು, ಅದರಲ್ಲಿ ಹುಲ್ಲೂ ಒಂದು.